ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಆ ಒಂದಡಿ

ಬೆಂಗಳೂರಿನಲ್ಲಿ ಬಸ್ಸು ನಿಲ್ದಾಣದಲ್ಲಿ ನಿಲ್ಲುವುದು ಅಪರೂಪ. ಬಹಳ ಸಲ ಅದು ನಿಲ್ದಾಣದ ಆಸುಪಾಸಿನಲ್ಲಿ ನಿಲ್ಲುತ್ತದೆ. ತಂಗುದಾಣದ ಮುಂದೆ ಆಟೊಗಳು ಸಾಲುಗಟ್ಟಿರುತ್ತವೆ, ಮೊದಲು ಬಂದ ಬಸ್ಸು ಇನ್ನೂ ಕದಲಿರುವುದಿಲ್ಲ, ಹಿಂದಿನ ಕಾರುಗಳ ಹಾರ್ನ್ ನಿಲ್ಲುವುದಿಲ್ಲ. ಹಾಗಾಗಿ ಚಾಲಕರು ಎರಡನೇ ಸಾಲಿನಲ್ಲೇ ವೇಗ ತಗ್ಗಿಸಿ ಬಾಗಿಲು ತೆರೆಯುತ್ತಾರೆ, ಕಾಯುತ್ತಿದ್ದವರು ರಸ್ತೆಗಿಳಿದು ನಾಲ್ಕು ಹೆಜ್ಜೆ ಓಡಿ ಹತ್ತಿಕೊಳ್ಳುತ್ತಾರೆ. ಈ ಓಟ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಪ್ರಯಾಣದ ಒಂದು ಭಾಗವೆಂದು ನಾವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗಾಲಿಕುರ್ಚಿಯಲ್ಲಿರುವವರಿಗೆ, ಊರುಗೋಲು ಹಿಡಿದವರಿಗೆ, ಬಿಳಿಕೋಲಿನ ನೆರವಿನಿಂದ ನಡೆಯುವವರಿಗೆ ಪ್ರಯಾಣ ಮುರಿದುಬೀಳುವುದು ಈ ನಾಲ್ಕು ಹೆಜ್ಜೆಗಳಲ್ಲಿಯೇ.

ವಿಕಲಚೇತನರಿಗೆ ಸಾರಿಗೆಯನ್ನು ಸುಗಮಗೊಳಿಸುವ ಮಾತು ಬಂದಾಗಲೆಲ್ಲ ಚರ್ಚೆ ಹೊಸ ಬಸ್ಸುಗಳ ಖರೀದಿಯತ್ತ ಹೊರಳುತ್ತದೆ. ಬಸ್ಸು ಮುಖ್ಯವೇ ಹೌದು. ಆದರೆ ಬಸ್ಸು ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಹತ್ತಿರ ನಿಲ್ಲುತ್ತದೆ ಎಂಬುದೇ ಅದರ ಉಪಯೋಗವನ್ನು ನಿರ್ಧರಿಸುತ್ತದೆ. ಇದು ಅಳತೆಗಳ ವಿಷಯವಾದ್ದರಿಂದ ಅಳತೆಗಳಿಂದಲೇ ನೋಡುವುದು ಒಳ್ಳೆಯದು.

ನಗರ ಸಾರಿಗೆ ಬಸ್ಸುಗಳಿಗೆ ಕೇಂದ್ರ ಸರ್ಕಾರ ರೂಪಿಸಿದ ಮಾನದಂಡಗಳಲ್ಲಿ ಬಸ್ಸಿನ ಒಳನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ಮೂರು ಮಟ್ಟಗಳಿವೆ: 400 ಮಿಲಿಮೀಟರ್, 650 ಮಿಲಿಮೀಟರ್ ಮತ್ತು 900 ಮಿಲಿಮೀಟರ್. ಮೊದಲನೆಯದನ್ನು ಲೋ-ಫ್ಲೋರ್, ಎರಡನೆಯದನ್ನು ಸೆಮಿ ಲೋ-ಫ್ಲೋರ್ ಎನ್ನುತ್ತಾರೆ. ನಾವು ಬಾಲ್ಯದಿಂದ ಕಂಡ ಸಾಮಾನ್ಯ ಬಸ್ಸುಗಳದು ಮೂರನೆಯ ಮಟ್ಟ, ಕೆಲವು ಹಳೆಯವು ಅದಕ್ಕಿಂತಲೂ ಎತ್ತರ. ಇಷ್ಟು ಎತ್ತರ ಏಕೆಂದರೆ ನಮ್ಮ ಬಸ್ಸುಗಳು ಬಹುಕಾಲ ಲಾರಿಯ ಚಾಸಿಯ ಮೇಲೆಯೇ ಕಟ್ಟಲ್ಪಟ್ಟವು. ಮುಂದೆ ಎಂಜಿನ್, ಉದ್ದಕ್ಕೂ ಉಕ್ಕಿನ ಚೌಕಟ್ಟು, ಅದರ ಕೆಳಗೆ ಹಿಂದಿನ ಚಕ್ರಗಳವರೆಗೆ ತಿರುಗುವ ದಂಡ; ಇವೆಲ್ಲದರ ಮೇಲೆ ಹಲಗೆ ಹಾಸಿದರೆ ಒಳನೆಲ ಸೊಂಟದ ಮಟ್ಟಕ್ಕೆ ಬಂದು ನಿಲ್ಲುವುದು ಸಹಜ. ಸರಕು ಸಾಗಿಸುವ ವಾಹನಕ್ಕೆ ಅದು ದೋಷವಲ್ಲ, ಏಕೆಂದರೆ ಮೂಟೆ ತಾನಾಗಿಯೇ ಹತ್ತಬೇಕಿಲ್ಲ. ಎಂಜಿನ್ನನ್ನು ಹಿಂದಕ್ಕೆ ಸರಿಸಿ, ಚೌಕಟ್ಟನ್ನೇ ಬೇರೆ ರೀತಿ ರೂಪಿಸಿದರೆ ಮಾತ್ರ ಬಾಗಿಲ ಬಳಿಯ ನೆಲ ಕೆಳಗಿಳಿಯುತ್ತದೆ. ವಿದ್ಯುತ್ ಬಸ್ಸಿನಲ್ಲಿ ಎಂಜಿನ್ ಇಲ್ಲ, ಬ್ಯಾಟರಿಯನ್ನು ಚಾವಣಿಯ ಮೇಲೋ ಹಿಂಬದಿಯಲ್ಲೋ ಇರಿಸಬಹುದು. ಆದ್ದರಿಂದ ನೆಲವನ್ನು ತಗ್ಗಿಸುವುದು ಅದರಲ್ಲಿ ಮೊದಲಿಗಿಂತ ಸುಲಭ.

ಬೆಂಗಳೂರಿಗೆ ಲೋ-ಫ್ಲೋರ್ ಬಸ್ಸು ಹೊಸದಲ್ಲ. 2000ರ ದಶಕದ ಮಧ್ಯದಲ್ಲಿ ಬಿಎಂಟಿಸಿ ವೋಲ್ವೋ ಬಸ್ಸುಗಳನ್ನು ಬೀದಿಗಿಳಿಸಿದಾಗ ನಗರ ಅವುಗಳ ಹವಾನಿಯಂತ್ರಣವನ್ನು ಕೊಂಡಾಡಿತು. ಮೆಟ್ಟಿಲಿಲ್ಲದ ಬಾಗಿಲು, ನಡುಬಾಗಿಲಿನಲ್ಲಿ ಮಡಚಿಟ್ಟ ರ‍್ಯಾಂಪ್, ಗಾಲಿಕುರ್ಚಿಗೆಂದು ಬಿಟ್ಟ ಜಾಗ ಇವು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಆ ಬಸ್ಸಿನ ದರ ಸಾಮಾನ್ಯ ಬಸ್ಸಿನ ದರಕ್ಕಿಂತ ಹೆಚ್ಚಾಗಿತ್ತು. ಅಂದರೆ ಬಸ್ಸು ಹತ್ತಲು ಮೆಟ್ಟಿಲು ಬೇಡವಾದವರು ತಂಪುಗಾಳಿಗೂ ಸೇರಿಸಿ ಹಣ ಕೊಡಬೇಕಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗಲೂ ಈ ವಿಚಿತ್ರ ಉಳಿದೇ ಇತ್ತು: ಗಾಲಿಕುರ್ಚಿ ಬಳಸುವ ಮಹಿಳೆಗೆ ಉಚಿತವಾದ ಬಸ್ಸು ಬಹುಪಾಲು ಹತ್ತಲಾಗದ ಬಸ್ಸು, ಹತ್ತಬಹುದಾದ ವೋಲ್ವೋ ಉಚಿತವಲ್ಲ. ಈಚೆಗೆ ಸೇರುತ್ತಿರುವ ಹವಾನಿಯಂತ್ರಣವಿಲ್ಲದ ವಿದ್ಯುತ್ ಬಸ್ಸುಗಳಲ್ಲಿ ತಗ್ಗು ನೆಲದ, 12 ಮೀಟರ್ ಉದ್ದದ ಮಾದರಿಗಳೂ ಇರುವುದರಿಂದ ಈ ಗಂಟು ನಿಧಾನವಾಗಿ ಸಡಿಲುತ್ತಿದೆ. ನನ್ನ ದೃಷ್ಟಿಯಲ್ಲಿ ವಿದ್ಯುತ್ ಬಸ್ಸುಗಳ ದೊಡ್ಡ ಲಾಭ ಹೊಗೆ ಕಡಿಮೆಯಾದದ್ದಲ್ಲ, ಮೆಟ್ಟಿಲು ಕಡಿಮೆಯಾದದ್ದು. ಅದರ ಬಗ್ಗೆ ಜಾಹೀರಾತು ಮಾತ್ರ ಕಾಣಿಸುವುದಿಲ್ಲ.

ಈಗ ರ‍್ಯಾಂಪಿನ ಲೆಕ್ಕಕ್ಕೆ ಬರೋಣ. ಕಟ್ಟಡಗಳ ರ‍್ಯಾಂಪಿಗೆ ಒಪ್ಪಿತವಾದ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಹಾದಿ ಬೇಕು; ಗಾಲಿಕುರ್ಚಿಯನ್ನು ತಮ್ಮ ತೋಳುಗಳಿಂದಲೇ ಉರುಳಿಸಿಕೊಂಡು ಹೋಗುವವರಿಗೆ ಇದಕ್ಕಿಂತ ಕಡಿದಾದ ಏರು ಕಷ್ಟ. ಇದೇ ಲೆಕ್ಕದಲ್ಲಿ 900 ಮಿಲಿಮೀಟರ್ ಎತ್ತರದ ಬಸ್ಸಿಗೆ 10.8 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ, ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ. ಹಳೆಯ ಬಸ್ಸಿಗೆ ಹಲಗೆ ಜೋಡಿಸಿ ಸುಗಮಗೊಳಿಸುತ್ತೇವೆ ಎನ್ನುವವರ ಮುಂದೆ ಈ ಅಂಕಿಯನ್ನು ಇಟ್ಟರೆ ಸಾಕು. ಇನ್ನು 400 ಮಿಲಿಮೀಟರ್ ಎತ್ತರದ ಬಸ್ಸಿನ ರ‍್ಯಾಂಪ್ ಸುಮಾರು ಒಂದು ಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳೋಣ. ಬಸ್ಸು ನಡುರಸ್ತೆಯಲ್ಲಿ ನಿಂತು ಆ ರ‍್ಯಾಂಪನ್ನು ಡಾಂಬರಿನ ಮೇಲೆ ಚಾಚಿದರೆ ಇಳಿಜಾರು 1:2.5 ಆಗುತ್ತದೆ. ಅದು ಏರಲ್ಲ, ಗೋಡೆ. ಹಿಂದಿನಿಂದ ಇಬ್ಬರು ತಳ್ಳಿದರೂ ಕುರ್ಚಿ ಹಿಂದಕ್ಕೆ ಮಗುಚುವ ಭಯವಿರುತ್ತದೆ.

ಅದೇ ಬಸ್ಸು 150 ಮಿಲಿಮೀಟರ್ ಎತ್ತರದ ಫುಟ್‌ಪಾತಿಗೆ ಒತ್ತಿಕೊಂಡು ನಿಂತರೆ ಏರಬೇಕಾದ ಎತ್ತರ 250 ಮಿಲಿಮೀಟರಿಗೆ ಇಳಿಯುತ್ತದೆ. ಅನೇಕ ಲೋ-ಫ್ಲೋರ್ ಬಸ್ಸುಗಳಿಗೆ 'ಮಂಡಿಯೂರುವ' ಸೌಲಭ್ಯವಿರುತ್ತದೆ: ಸಸ್ಪೆನ್ಷನ್ನಿನ ಗಾಳಿಯನ್ನು ಹೊರಬಿಟ್ಟು ಬಾಗಿಲಿನ ಪಕ್ಕವನ್ನು ಆರೇಳು ಸೆಂಟಿಮೀಟರ್ ತಗ್ಗಿಸಬಹುದು. ಆಗ ಉಳಿಯುವ ಎತ್ತರ ಸುಮಾರು 180 ಮಿಲಿಮೀಟರ್. ಇಳಿಜಾರು ಇನ್ನೂ ಕಡಿದಾಗಿಯೇ ಇದ್ದರೂ ನಿರ್ವಾಹಕರು ಒಬ್ಬರು ಕೈಕೊಟ್ಟರೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ. ಬಸ್ಸು, ರ‍್ಯಾಂಪ್, ಪ್ರಯಾಣಿಕ ಯಾವುದೂ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು. ಬದಲಾದದ್ದು ಬಸ್ಸು ನಿಂತ ಜಾಗ ಮಾತ್ರ.

ಹಾಗಾದರೆ ಚಾಲಕರು ಫುಟ್‌ಪಾತಿಗೆ ಒತ್ತಿ ನಿಲ್ಲಿಸುವುದಿಲ್ಲವೇಕೆ? ಇದಕ್ಕೆ ಚಾಲಕರನ್ನು ದೂರಿ ಮುಗಿಸುವುದು ಸುಲಭ. ನಿಜವಾದ ಕಾರಣದ ಒಂದು ಪಾಲು 'ಬಸ್ ಬೇ' ಎಂಬ ವಿನ್ಯಾಸದಲ್ಲಿದೆ. ಉಳಿದ ವಾಹನಗಳಿಗೆ ಅಡ್ಡಿಯಾಗದಿರಲೆಂದು ರಸ್ತೆಯ ಅಂಚನ್ನು ಒಳಕ್ಕೆ ಕೊರೆದು ಬಸ್ಸಿಗೆ ಜಾಗ ಮಾಡುತ್ತಾರೆ. ಹನ್ನೆರಡು ಮೀಟರ್ ಉದ್ದದ ವಾಹನ ಆ ಕೊರೆತದೊಳಗೆ ಹೊಕ್ಕು, ನೇರವಾಗಿ, ಅಂಚಿಗೆ ಸಮಾಂತರವಾಗಿ ನಿಲ್ಲಬೇಕಾದರೆ ಮುಂದೆಯೂ ಹಿಂದೆಯೂ ಸಾಕಷ್ಟು ಖಾಲಿ ಜಾಗ ಬೇಕು. ಅಲ್ಲಿ ಒಂದು ಆಟೊ ನಿಂತಿದ್ದರೂ ಬಸ್ಸಿನ ಮೂತಿ ಒಳಗೆ, ಬಾಲ ಹೊರಗೆ ಆಗುತ್ತದೆ. ಒಳಗೆ ಹೊಕ್ಕರೆ ಮತ್ತೆ ಹೊರಬರಲು ಯಾರೂ ದಾರಿ ಬಿಡುವುದಿಲ್ಲ ಎಂಬುದು ಚಾಲಕರ ಅನುಭವ. ಇದರ ಬದಲು ಫುಟ್‌ಪಾತನ್ನೇ ಒಂದು ಸಾಲಿನಷ್ಟು ಹೊರಕ್ಕೆ ಚಾಚಿ, ಬಸ್ಸು ತನ್ನ ಸಾಲು ಬಿಡದೆ ನೇರವಾಗಿ ಬಂದು ಅಂಚಿಗೆ ತಾಗಿ ನಿಲ್ಲುವಂತೆ ಮಾಡುವ ವಿನ್ಯಾಸವೂ ಇದೆ. ಅದರಲ್ಲಿ ಕೆಲವು ಸೆಕೆಂಡು ಕಾಯಬೇಕಾದವರು ಹಿಂದಿನ ಕಾರಿನವರು. ಬಸ್ ಬೇ ಎಂಬುದು ಕಾರಿನವರ ಆ ಕೆಲವು ಸೆಕೆಂಡುಗಳನ್ನು ಉಳಿಸಲು ಬಸ್ಸಿನವರು ತೆರುತ್ತಿರುವ ಬೆಲೆ.

ಬಸ್ಸು ತಾಗಿ ನಿಲ್ಲಬೇಕಾದ ಫುಟ್‌ಪಾತಿನ ಕಥೆ ಇನ್ನೂ ದೊಡ್ಡದು. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಬೆಂಗಳೂರಿನಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಕಡೆ ಚರಂಡಿಯ ಮುಚ್ಚಳ. ಮಳೆನೀರಿನ ಚರಂಡಿಯ ಮೇಲೆ ಚಪ್ಪಡಿ ಹಾಸಿದ್ದೇ ನಡಿಗೆಯ ಹಾದಿಯಾದ್ದರಿಂದ ಅದರ ಎತ್ತರವನ್ನು ನಿರ್ಧರಿಸಿದ್ದು ಚರಂಡಿ, ನಡೆಯುವವರ ಕಾಲಲ್ಲ. ಒಂದಡಿಗಿಂತ ಎತ್ತರದ ಫುಟ್‌ಪಾತುಗಳು ಇಲ್ಲಿ ಸಾಮಾನ್ಯ. ಪ್ರತಿ ಅಡ್ಡರಸ್ತೆಯಲ್ಲೂ ಅದರಿಂದ ಇಳಿಯಬೇಕು, ಮತ್ತೆ ಹತ್ತಬೇಕು. ನಡುವೆ ಟ್ರಾನ್ಸ್‌ಫಾರ್ಮರ್, ಮರ, ಕೇಬಲ್ ಸುರುಳಿ, ಸರಿದ ಚಪ್ಪಡಿ. ರ‍್ಯಾಂಪ್ ಕಟ್ಟುವ ವಿದ್ಯೆಯೇ ಈ ಊರಿಗೆ ಬಾರದು ಎನ್ನುವಂತಿಲ್ಲ, ಏಕೆಂದರೆ ಮನೆಮನೆಯ ಗೇಟಿನ ಮುಂದೆ ಕಾರು ಇಳಿಸಲು ಕಟ್ಟಿದ ಚಂದದ ರ‍್ಯಾಂಪುಗಳಿವೆ.

ಫುಟ್‌ಪಾತಿನ ಮೇಲೆ ಸ್ಕೂಟರುಗಳು ಓಡದಂತೆ ತಡೆಯಲು ನೆಡುವ ಗಿಡ್ಡ ಕಂಬಗಳ, ಅಂದರೆ ಬೊಲಾರ್ಡುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 70 ಸೆಂಟಿಮೀಟರ್. ಸಾಮಾನ್ಯ ಗಾಲಿಕುರ್ಚಿಯ ಅಗಲ 60ರಿಂದ 70 ಸೆಂಟಿಮೀಟರ್, ಅದನ್ನು ಉರುಳಿಸುವ ಕೈಗಳಿಗೆ ಇನ್ನಷ್ಟು ಜಾಗ ಬೇಕಾದ್ದರಿಂದ ಕನಿಷ್ಠ 90 ಸೆಂಟಿಮೀಟರ್ ತೆರವಿರಬೇಕು. ಹೀಗಿರುವಾಗ ಗಾಲಿಕುರ್ಚಿಯನ್ನು ಬಿಟ್ಟು ಸ್ಕೂಟರನ್ನು ಮಾತ್ರ ತಡೆಯುವ ಕಿಂಡಿಯನ್ನು ಯಾವ ಎಂಜಿನಿಯರೂ ರೂಪಿಸಲಾರರು. ಒಂದು ಹೊಕ್ಕುವ ಕಡೆ ಇನ್ನೊಂದೂ ಹೊಕ್ಕುತ್ತದೆ. ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟರೆ ಸ್ಕೂಟರಿನವರು ಪಕ್ಕದ ಗೇಟಿನ ಮುಂದಿನ ರ‍್ಯಾಂಪಿನಿಂದ ಹತ್ತಿಬರುತ್ತಾರೆ, ಗಾಲಿಕುರ್ಚಿಯವರು ಮಾತ್ರ ಅಲ್ಲೇ ನಿಲ್ಲುತ್ತಾರೆ. ಇದು ಪೊಲೀಸರು ಮತ್ತು ದಂಡ ಮಾಡಬೇಕಾದ ಕೆಲಸ. ಕಬ್ಬಿಣದ ಕಂಬಕ್ಕೆ ಅದನ್ನು ವಹಿಸಿದ್ದು ತಪ್ಪು.

ಟೆಂಡರ್‌ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಆದ ಬದಲಾವಣೆಯನ್ನು ಕಂಡವರಿಗೆ ಅಗಲವಾದ, ಸಮತಟ್ಟಾದ ಹಾದಿ ಈ ನಗರದಲ್ಲೂ ಸಾಧ್ಯವೆಂಬುದು ಗೊತ್ತು. ತಂತಿ ಮತ್ತು ಕೊಳವೆಗಳನ್ನೆಲ್ಲ ಮೊದಲೇ ನೆಲದೊಳಗೆ ಕ್ರಮವಾಗಿ ಕೂರಿಸಿ, ಮೇಲೆ ಮತ್ತೆ ಮತ್ತೆ ಅಗೆಯುವ ಪ್ರಮೇಯ ಬಾರದಂತೆ ಮಾಡಿದ್ದು ಅಲ್ಲಿನ ಗುಟ್ಟು. ಆ ರಸ್ತೆಗಳು ನಗರದ ಮಧ್ಯಭಾಗದಲ್ಲಿವೆ. ಹೆಚ್ಚು ಜನ ಬಸ್ಸು ಹತ್ತುವುದು ಮಾತ್ರ ಅವುಗಳಿಂದ ದೂರದ ಬಡಾವಣೆಗಳಲ್ಲಿ.

ಇಷ್ಟೆಲ್ಲ ಗಾಲಿಕುರ್ಚಿಯ ಸುತ್ತ ಹೇಳಿದ್ದಾಯಿತು. ಫಲಕಗಳ ಮೇಲೆ ಅದೇ ಚಿತ್ರ ಇರುವುದರಿಂದಲೋ ಏನೋ, ವಿಕಲಚೇತನರೆಂದರೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದೂ ಅದೇ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಹಿಂದಿನ ಕಾಯ್ದೆಯಲ್ಲಿ ಏಳು ಇದ್ದವು. ದೃಷ್ಟಿಯಿಲ್ಲದವರಿಗೆ ಬಸ್ಸಿನ ಮೆಟ್ಟಿಲು ದೊಡ್ಡ ಅಡ್ಡಿಯಲ್ಲ. ಬಂದ ಬಸ್ಸು ಯಾವುದು, ಅದರ ಬಾಗಿಲು ಎಲ್ಲಿ ಎಂಬುದು ಅವರ ಪ್ರಶ್ನೆ. ಮೂರು ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತಾಗ 'ಇದು 500ಡಿನಾ?' ಎಂದು ಪಕ್ಕದವರನ್ನು ಕೇಳಿ, ಅವರು 'ಅಲ್ಲ, ಹಿಂದಿನದು' ಎನ್ನುವಷ್ಟರಲ್ಲಿ ಹಿಂದಿನದು ಹೊರಟುಬಿಟ್ಟಿರುತ್ತದೆ.

ಈ ತೊಡಕಿಗೆ ದೆಹಲಿಯ ಐಐಟಿಯಲ್ಲಿ ರೂಪುಗೊಂಡ ಒಂದು ಉಪಕರಣ 'ಧ್ವನಿ ಸ್ಪಂದನ' ಎಂಬ ಹೆಸರಿನಲ್ಲಿ ಮೈಸೂರಿನ ನಗರ ಸಾರಿಗೆ ಬಸ್ಸುಗಳಲ್ಲಿ, ಬಳಿಕ ಬೆಂಗಳೂರಿನ ಕೆಲವು ಬಸ್ಸುಗಳಲ್ಲಿ ಬಳಕೆಗೆ ಬಂತು. ಅದರ ಕೆಲಸ ಸರಳ. ಪ್ರಯಾಣಿಕರ ಕೈಯಲ್ಲಿ ಒಂದು ಪುಟ್ಟ ಉಪಕರಣ, ಬಸ್ಸಿನ ಬಾಗಿಲ ಬಳಿ ಒಂದು ಧ್ವನಿವರ್ಧಕ. ಗುಂಡಿ ಒತ್ತಿದರೆ ರೇಡಿಯೊ ಸಂಕೇತದ ಮೂಲಕ ಹತ್ತಿರದ ಬಸ್ಸುಗಳ ಮಾರ್ಗಸಂಖ್ಯೆ ಕೇಳಿಸುತ್ತದೆ. ಬೇಕಾದದ್ದನ್ನು ಆರಿಸಿದರೆ ಆ ಬಸ್ಸು ತನ್ನ ಸಂಖ್ಯೆಯನ್ನು ತಾನೇ ಗಟ್ಟಿಯಾಗಿ ಹೇಳುತ್ತದೆ, ಆ ದನಿಯನ್ನು ಹಿಡಿದು ಬಾಗಿಲವರೆಗೆ ನಡೆಯಬಹುದು. ಯಾರೋ ಒಬ್ಬರು ಹತ್ತಲು ಬರುತ್ತಿದ್ದಾರೆ ಎಂಬ ಸುಳಿವು ಚಾಲಕರಿಗೂ ಸಿಗುತ್ತದೆ. ಮೊಬೈಲಿನ ಆ್ಯಪ್ ಬಸ್ಸು ಎಷ್ಟು ದೂರದಲ್ಲಿದೆ ಎಂದು ಹೇಳಬಲ್ಲದು, ಬಾಗಿಲು ಎತ್ತ ಇದೆ ಎಂದು ಹೇಳಲಾರದು. ಆದರೆ ಇಂಥ ಉಪಕರಣ ಒಂದು ಮಾರ್ಗದ ಕೆಲವೇ ಬಸ್ಸುಗಳಲ್ಲಿದ್ದರೆ ಪ್ರಯೋಜನ ಅಲ್ಪ. ಗುಂಡಿ ಒತ್ತಿದಾಗ ಉತ್ತರ ಬಾರದಿದ್ದರೆ ಬಸ್ಸು ಬಂದಿಲ್ಲವೋ, ಬಂದ ಬಸ್ಸಿನಲ್ಲಿ ಉಪಕರಣವಿಲ್ಲವೋ ಎಂದು ತಿಳಿಯುವ ಬಗೆಯಿಲ್ಲ. ಕಿವಿ ಕೇಳದವರಿಗೆ ಬೇಕಾದದ್ದು ಇದರ ತಿರುವುಮುರುವು: ಮುಂದಿನ ನಿಲ್ದಾಣದ ಹೆಸರು ಬಸ್ಸಿನೊಳಗಿನ ಪರದೆಯ ಮೇಲೆ ಅಕ್ಷರದಲ್ಲಿ ಕಾಣಬೇಕು. ಮಾರ್ಗ ಬದಲಾಗಿದೆ ಎಂದು ನಿರ್ವಾಹಕರು ಕೂಗಿ ಹೇಳುವ ಮಾತು ಅವರನ್ನು ತಲುಪುವುದೇ ಇಲ್ಲ.

ಫುಟ್‌ಪಾತಿನ ಮತ್ತು ಮೆಟ್ರೊ ನಿಲ್ದಾಣದ ಹಳದಿ ಉಬ್ಬುಹಾಸುಗಳನ್ನು ಅಲಂಕಾರವೆಂದು ತಿಳಿದವರು ಇನ್ನೂ ಇದ್ದಾರೆ. 1967ರಲ್ಲಿ ಜಪಾನಿನ ಒಕಾಯಾಮಾ ನಗರದಲ್ಲಿ ಸೇಯಿಚಿ ಮಿಯಾಕೆ ಎಂಬವರ ಯೋಜನೆಯಂತೆ ಮೊದಲು ಹಾಸಿದ ಈ ಬಿಲ್ಲೆಗಳಿಗೆ ತಮ್ಮದೇ ಆದ ವ್ಯಾಕರಣವಿದೆ. ಉದ್ದ ಗೀರುಗಳಿದ್ದರೆ 'ಈ ದಿಕ್ಕಿನಲ್ಲಿ ನಡೆ' ಎಂದರ್ಥ, ಗುಂಡು ಚುಕ್ಕೆಗಳಿದ್ದರೆ 'ನಿಲ್ಲು, ಮುಂದೆ ತಿರುವೋ ಮೆಟ್ಟಿಲೋ ಅಂಚೋ ಇದೆ' ಎಂದರ್ಥ. ಗೀರಿನ ಜಾಗದಲ್ಲಿ ಚುಕ್ಕೆ ಹಾಕಿದರೆ, ಅಥವಾ ಗೀರುಗಳು ನೇರವಾಗಿ ವಿದ್ಯುತ್ ಕಂಬಕ್ಕೆ ಒಯ್ದರೆ, ಅದು ತಪ್ಪು ದಾರಿ ತೋರಿಸುವ ಫಲಕಕ್ಕೆ ಸಮ. ಗುತ್ತಿಗೆದಾರರಿಗೆ ಈ ವ್ಯಾಕರಣವನ್ನು ಯಾರೂ ಕಲಿಸದಿದ್ದರೆ ಬಿಲ್ಲೆಗಳು ಬಣ್ಣಕ್ಕಷ್ಟೇ ಉಳಿಯುತ್ತವೆ.

ಮೆಟ್ರೊ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಶುರುವಾದ ದಿನದಿಂದಲೂ ನಮ್ಮ ಮೆಟ್ರೊದಲ್ಲಿ ಪ್ಲಾಟ್‌ಫಾರ್ಮಿನ ಮಟ್ಟವೂ ರೈಲಿನ ನೆಲದ ಮಟ್ಟವೂ ಸರಿಸಮ, ಲಿಫ್ಟ್ ಇದೆ, ಘೋಷಣೆ ಇದೆ. ಬಸ್ಸಿನಲ್ಲಿ ಸಾಧಿಸಲು ಹೆಣಗುತ್ತಿರುವುದು ಇಲ್ಲಿ ಮೊದಲ ನಕ್ಷೆಯಲ್ಲೇ ಇತ್ತು. ತೊಡಕು ಶುರುವಾಗುವುದು ಗೇಟು ದಾಟಿ ಹೊರಬಂದ ಮೇಲೆ. ಲಿಫ್ಟ್ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ. ಇರುವ ದ್ವಾರ ರಸ್ತೆಯ ಆಚೆ ಬದಿಯಲ್ಲಿದ್ದರೆ, ಮೂರು ನಿಮಿಷದ ರೈಲು ಪ್ರಯಾಣದ ಬಳಿಕ ಆರು ಸಾಲಿನ ರಸ್ತೆ ದಾಟಲು ಹದಿನೈದು ನಿಮಿಷ ಬೇಕಾಗಬಹುದು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ, ಬಸ್ಸು, ರೈಲು ಮೂರೂ ಕೂಗಳತೆಯ ದೂರದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿಲ್ಲದೆ ಹೋಗುವ ದಾರಿಯನ್ನು ಮಾತ್ರ ಗೊತ್ತಿದ್ದವರನ್ನು ಕೇಳಿ ತಿಳಿಯಬೇಕು.

'ಗಾಲಿಕುರ್ಚಿಯವರು ಬಸ್ಸಿಗೆ ಬರುವುದೇ ಇಲ್ಲವಲ್ಲ, ಇಷ್ಟೆಲ್ಲ ಖರ್ಚು ಯಾರಿಗಾಗಿ?' ಎಂಬ ಪ್ರಶ್ನೆ ಒಂದಿದೆ. ಸೇತುವೆಯಿಲ್ಲದ ಹೊಳೆಯನ್ನು ಎಷ್ಟು ಜನ ಈಜಿ ದಾಟುತ್ತಾರೆಂದು ಎಣಿಸಿ ಸೇತುವೆಯ ಅಗತ್ಯವನ್ನು ಅಳೆಯುವ ಬಗೆ ಇದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಅವರಲ್ಲಿ ಹಲವರು ಪಕ್ಕದ ಚಕ್ರ ಜೋಡಿಸಿದ ಸ್ಕೂಟರುಗಳಲ್ಲಿ ಓಡಾಡುತ್ತಾರೆ. ಸರ್ಕಾರವೇ ಯೋಜನೆಯಡಿ ಅಂಥ ವಾಹನಗಳನ್ನು ಹಂಚುತ್ತದೆ. ಅದು ಅಗತ್ಯವಾದ ನೆರವು ನಿಜ. ಆದರೆ ಬಸ್ಸಿನಲ್ಲಿ ಜಾಗ ಸಿಗದ ವ್ಯಕ್ತಿ ಮಳೆಯಲ್ಲೂ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲೂ ತನ್ನ ವಾಹನವನ್ನು ತಾನೇ ಓಡಿಸಬೇಕಾಗಿ ಬಂದಿರುವುದನ್ನು ಆಯ್ಕೆ ಎನ್ನಲಾಗದು. (ಈ ನಡುವೆ ಅಂಗವಿಕಲ ಎಂಬ ಪದ ವಿಕಲಚೇತನವಾಗಿ, ವಿಕಲಚೇತನ ವಿಶೇಷಚೇತನವಾಗಿ ಬದಲಾಗಿದೆ. ಮೆಟ್ಟಿಲಿನ ಎತ್ತರ ಅಷ್ಟು ಬೇಗ ಬದಲಾಗಿಲ್ಲ.)

ಕಾನೂನು ಏನು ಹೇಳುತ್ತದೆ? 2016ರ ಕಾಯ್ದೆಯ 41ನೇ ಸೆಕ್ಷನ್ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಸೌಲಭ್ಯ ಕಲ್ಪಿಸುವುದನ್ನೂ ಎಲ್ಲ ಬಗೆಯ ವಾಹನಗಳನ್ನು ಸುಗಮಗೊಳಿಸುವುದನ್ನೂ ಸರ್ಕಾರದ ಹೊಣೆಯೆನ್ನುತ್ತದೆ. ಹಳೆಯ ವಾಹನಗಳ ಮಾರ್ಪಾಡಿಗೆ ಮಾತ್ರ ಅದು ಕೆಲವು ಷರತ್ತುಗಳನ್ನು ಸೇರಿಸುತ್ತದೆ: ತಾಂತ್ರಿಕವಾಗಿ ಸಾಧ್ಯವಿರಬೇಕು, ಸುರಕ್ಷಿತವಾಗಿರಬೇಕು, ಆರ್ಥಿಕವಾಗಿ ಕೈಗೆಟಕಬೇಕು, ವಿನ್ಯಾಸದ ದೊಡ್ಡ ಬದಲಾವಣೆ ಬೇಕಾಗಬಾರದು. ನಾವು ಮೇಲೆ ನೋಡಿದ 10.8 ಮೀಟರ್ ರ‍್ಯಾಂಪಿನ ಲೆಕ್ಕ ಈ ಷರತ್ತುಗಳೊಳಗೆ ಆರಾಮವಾಗಿ ಅಡಗಿಕೊಳ್ಳುತ್ತದೆ. ಆದ್ದರಿಂದಲೇ ಖರೀದಿಯ ಟೆಂಡರ್ ಬರೆಯುವ ದಿನ ಬಹಳ ಮುಖ್ಯವಾದ ದಿನ. ಆ ದಿನ 900 ಎಂದು ಬರೆದರೆ ಆ ಬಸ್ಸು ಗುಜರಿಗೆ ಹೋಗುವವರೆಗೂ 900 ಆಗಿಯೇ ಇರುತ್ತದೆ.

ಇನ್ನೊಂದು ಸಡಿಲು ನಿಯಮಗಳಲ್ಲಿತ್ತು. ಈ ಕಾಯ್ದೆಯಡಿ ರೂಪಿಸಿದ 2017ರ ನಿಯಮಗಳ 15ನೇ ನಿಯಮ ಸುಗಮ್ಯತೆಯ ಮಾನದಂಡಗಳನ್ನು ಉಲ್ಲೇಖಿಸಿತು, ಆದರೆ ಅವುಗಳಲ್ಲಿ ಬಹಳಷ್ಟು ಕೇವಲ ಶಿಫಾರಸಿನ ಭಾಷೆಯಲ್ಲಿದ್ದವು. ಪಾಲಿಸಿದರೆ ಒಳ್ಳೆಯದು, ಪಾಲಿಸದಿದ್ದರೆ ಕೇಳುವವರಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 15(1)ನೇ ನಿಯಮವನ್ನು ಮೂಲ ಕಾಯ್ದೆಗೆ ವಿರುದ್ಧವೆಂದು ಸಾರಿ, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳನ್ನು ಮೂರು ತಿಂಗಳಲ್ಲಿ ಪ್ರತ್ಯೇಕವಾಗಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆ ತೀರ್ಪು ಎರಡು ಹೊಣೆಗಳನ್ನು ಬೇರ್ಪಡಿಸಿ ತೋರಿಸಿತು. ಸುಗಮ್ಯತೆ ಎಂಬುದು ಯಾರೂ ಕೇಳುವ ಮೊದಲೇ ಎಲ್ಲರಿಗಾಗಿ ಇರಬೇಕಾದ ವ್ಯವಸ್ಥೆ. ಒಬ್ಬ ವ್ಯಕ್ತಿಯ ನಿರ್ದಿಷ್ಟ ಅಗತ್ಯಕ್ಕೆ ಮಾಡಿಕೊಡುವ ಹೊಂದಾಣಿಕೆ ಅದರ ಮೇಲಿನದು. ನಿರ್ವಾಹಕರು ಮತ್ತು ಇಬ್ಬರು ಪ್ರಯಾಣಿಕರು ಸೇರಿ ಒಬ್ಬರನ್ನು ಎತ್ತಿ ಬಸ್ಸಿನೊಳಗೆ ಕೂರಿಸುವುದು ಒಳ್ಳೆಯತನ; ಅದು ಇವೆರಡರಲ್ಲಿ ಯಾವುದೂ ಅಲ್ಲ.

ಬೆಂಗಳೂರಿನಲ್ಲಿ ಈ ಹೊಣೆ ಯಾರದು ಎಂದು ಹುಡುಕಿದರೆ ಆ ಒಂದಡಿ ಜಾಗದಲ್ಲಿ ಎಷ್ಟು ಇಲಾಖೆಗಳ ಗಡಿ ಕೂಡುತ್ತದೆ ಎಂಬುದು ಗೊತ್ತಾಗುತ್ತದೆ. ಬಸ್ಸು ಬಿಎಂಟಿಸಿಯದು, ಅದು ನಿಲ್ಲುವ ರಸ್ತೆ ಮತ್ತು ಫುಟ್‌ಪಾತ್ ಪಾಲಿಕೆಯದು, ಫುಟ್‌ಪಾತಿನ ಮೇಲಿನ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಅಡಿಯ ಕೊಳವೆ ಜಲಮಂಡಳಿಯದು, ಬೇಯಲ್ಲಿ ನಿಂತ ಆಟೊವನ್ನು ಎಬ್ಬಿಸಬೇಕಾದವರು ಸಂಚಾರ ಪೊಲೀಸರು. 2025ರ ಸೆಪ್ಟೆಂಬರಿನಿಂದ ಪಾಲಿಕೆಯೇ ಐದಾಗಿದೆ. ಇವರನ್ನೆಲ್ಲ ಸಾರಿಗೆಯ ವಿಷಯದಲ್ಲಿ ಒಂದೇ ಮೇಜಿನ ಸುತ್ತ ಕೂರಿಸಲೆಂದು 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂತು. ಆ ಮೇಜಿನ ಮೇಲೆ ಮೊದಲು ಇಡಬೇಕಾದದ್ದು ಹೊಸ ಮೇಲ್ಸೇತುವೆಯ ನಕ್ಷೆಯಲ್ಲ, ತಗ್ಗು ನೆಲದ ಬಸ್ಸುಗಳು ಓಡುವ ಮಾರ್ಗಗಳ ನಿಲ್ದಾಣಗಳ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಊರಿನ ಎಲ್ಲ ನಿಲ್ದಾಣಗಳನ್ನೂ ಒಟ್ಟಿಗೆ ಸರಿಪಡಿಸಲು ಹೊರಟರೆ ಯಾವುದೂ ಆಗುವುದಿಲ್ಲ. ಒಂದು ಮಾರ್ಗವನ್ನು ಆರಿಸಿ, ಅದರ ಅಷ್ಟೂ ಬಸ್ಸುಗಳನ್ನು 400 ಮಿಲಿಮೀಟರಿನವನ್ನಾಗಿ, ಅಷ್ಟೂ ನಿಲ್ದಾಣಗಳ ಅಂಚನ್ನು 150 ಮಿಲಿಮೀಟರಿನವನ್ನಾಗಿ ಮಾಡಿದರೆ, ಆ ಮಾರ್ಗವಾದರೂ ಪೂರ್ತಿ ಬಳಕೆಗೆ ಬರುತ್ತದೆ. ನೂರು ಮಾರ್ಗಗಳಲ್ಲಿ ಅಲ್ಲೊಂದು ಇಲ್ಲೊಂದು ಒಳ್ಳೆಯ ಬಸ್ಸು ಹಂಚಿದರೆ, ಮುಂದಿನ ಬಸ್ಸು ಹತ್ತಬಹುದಾದದ್ದೋ ಅಲ್ಲವೋ ಎಂದು ತಿಳಿಯದ ಪ್ರಯಾಣಿಕ ಮನೆಯಿಂದ ಹೊರಡುವುದೇ ಇಲ್ಲ.

ದೂರು ಕೊಡಬೇಕೆನ್ನುವವರಿಗೆ ರಾಜ್ಯದ ವಿಕಲಚೇತನರ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿಯೇ ಇದೆ; ಕಾಯ್ದೆಯ 89ನೇ ಸೆಕ್ಷನ್ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ನಂತರದವಕ್ಕೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ದೂರಿನಲ್ಲಿ 'ಬಸ್ಸು ಹತ್ತಲಾಗಲಿಲ್ಲ' ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಸಾಮಾನ್ಯವಾಗಿ ಬರುತ್ತದೆ. ನಿಲ್ದಾಣದ ಹೆಸರು, ಮಾರ್ಗಸಂಖ್ಯೆ, ಬಸ್ಸಿನ ನೋಂದಣಿ ಸಂಖ್ಯೆ, ದಿನ ಮತ್ತು ಸಮಯ, ರ‍್ಯಾಂಪ್ ಇತ್ತೋ ಇಲ್ಲವೋ, ಇದ್ದರೆ ತೆರೆದರೋ ಇಲ್ಲವೋ, ಮತ್ತು ಬಸ್ಸು ಫುಟ್‌ಪಾತಿನಿಂದ ಎಷ್ಟು ಅಡಿ ದೂರದಲ್ಲಿ ನಿಂತಿತ್ತು ಎಂಬುದನ್ನು ಬರೆಯಬೇಕು. ಕೊನೆಯ ಅಂಕಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ.